ಇಂಗ್ಲಿಷ್ ಮಾತಿರುವ ಹಳೆಯ ವನ್ಯಜೀವಿ ಡಿಸ್ಕನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಹೇಗೆ ತೋರಿಸುವುದು?

ನೀವು ಕೇಳಿದ್ದು ಇಷ್ಟು: ಮುಂಬಯಿಯ ಕನ್ನಡ ಮಾಧ್ಯಮ ಶಾಲೆ, ಆರನೇ ತರಗತಿ, 35 ಮಕ್ಕಳು, 35 ನಿಮಿಷದ ಪಿರಿಯಡ್ಡು. ದಾನಿಗಳೊಬ್ಬರು ಕೊಟ್ಟ ವನ್ಯಜೀವಿ ಮಲ್ಟಿಮೀಡಿಯಾ ಡಿಸ್ಕು ಇದೆ. ಮಾತೆಲ್ಲ ಇಂಗ್ಲಿಷು. ಮಕ್ಕಳು ಐದು ನಿಮಿಷ ಕಣ್ಣರಳಿಸಿ ನೋಡುತ್ತಾರೆ, ಆಮೇಲೆ ಗಲಾಟೆ. ಜೊತೆಗೆ ಡಿಸ್ಕು ನಡುನಡುವೆ ನಿಂತುಹೋಗುತ್ತದೆ. ಇದು ಪಾಠಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ. ಆದರೆ ಇಡೀ ಡಿಸ್ಕು ತೋರಿಸುವ ಯೋಚನೆ ಬಿಡಿ. ಒಂದು ಪಿರಿಯಡ್ಡಿಗೆ ನಾಲ್ಕು ನಿಮಿಷದ ಒಂದೇ ತುಣುಕು ಸಾಕು, ಅದನ್ನೂ ಮೊದಲ ಸಲ ದನಿಯಿಲ್ಲದೆ ತೋರಿಸಿ. ಮಾತು ನಿಮ್ಮದಿರಲಿ, ಕನ್ನಡದಲ್ಲಿರಲಿ.

ಮೊದಲು ಯಂತ್ರದ ಕಡೆ ನೋಡೋಣ, ಏಕೆಂದರೆ ಮಕ್ಕಳ ಮುಂದೆ ಡಿಸ್ಕು ತಡವರಿಸಿದರೆ ಆ ಪಿರಿಯಡ್ಡು ಹೋಯಿತೆಂದೇ ಲೆಕ್ಕ. ತರಗತಿಗೆ ಡಿಸ್ಕನ್ನು ಒಯ್ಯಲೇಬೇಡಿ. ಎರಡು ದಿನ ಮೊದಲೇ ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದಕ್ಕೂ ಮುಂಚೆ ಮೆತ್ತನೆಯ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ, ಒಂದು ಹನಿ ಸೋಪು ಹಾಕಿ, ಡಿಸ್ಕನ್ನು ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ಉಜ್ಜಬಾರದು. ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅಡ್ಡಗೀರನ್ನು ಡ್ರೈವು ಹೇಗೋ ಸರಿದೂಗಿಸಿಕೊಳ್ಳುತ್ತದೆ, ಸುರುಳಿಯ ಉದ್ದಕ್ಕೂ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಸಾಲಾಗಿ ನುಂಗುತ್ತದೆ. ಸಿಡಿಯಾದರೆ ಹೆಸರು ಅಚ್ಚಾಗಿರುವ ಮೇಲ್ಭಾಗವೇ ಹೆಚ್ಚು ನಾಜೂಕು. ಪ್ರತಿಫಲಿಸುವ ಪದರ ಅದರ ಕೆಳಗೇ ಇರುವುದರಿಂದ ಬಾಲ್‌ಪೆನ್ನಿನಲ್ಲಿ ಶಾಲೆಯ ಹೆಸರು ಬರೆದರೂ ಹಾಳಾಗಬಹುದು. ಮುಂಬಯಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ. ಯುಎಸ್‌ಬಿ ಡಿವಿಡಿ ಡ್ರೈವು ತಂದುಕೊಂಡರೆ ಅದನ್ನು ಹಬ್‌ಗೆ ಸಿಕ್ಕಿಸದೆ ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಕರೆಂಟು ಸಾಲದೇ ಹೋದರೆ ಡ್ರೈವು ಟಕ್ ಟಕ್ ಎನ್ನುತ್ತ ತಿರುಗಿ ನಿಲ್ಲುತ್ತದೆ. ನೋಡಿದವರು ಡಿಸ್ಕೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಆಮೇಲೆ ಡಿಸ್ಕು ಯಾವ ಬಗೆಯದು ಎಂದು ತೆರೆದು ನೋಡಿ. ಒಳಗೆ ವಿಡಿಯೊ ಟಿಎಸ್ ಎಂಬ ಫೋಲ್ಡರ್ ಇದ್ದರೆ ಸಾಮಾನ್ಯ ವಿಡಿಯೊ ಡಿವಿಡಿ. ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡ್ಯಾಟ್ ಫೈಲುಗಳಿದ್ದರೆ ವಿಸಿಡಿ. ಎರಡನ್ನೂ ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ಓಡಿಸುತ್ತದೆ. ಕಷ್ಟ ಕೊಡುವುದು ಮೂರನೆಯ ಬಗೆ, ಸೆಟಪ್ ಅಥವಾ ಆಟೋರನ್ ಫೈಲಿರುವ ಮಲ್ಟಿಮೀಡಿಯಾ ಸಿಡಿ. ವಿಂಡೋಸ್ 95ರ ಕಾಲದ 16 ಬಿಟ್ ಸೆಟಪ್ ಇಂದಿನ 64 ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ, ಎಷ್ಟು ಸಲ ಒತ್ತಿದರೂ ಅಷ್ಟೇ. ಆಗ ಸೆಟಪ್ಪನ್ನು ಮರೆತು ಡಿಸ್ಕಿನೊಳಗಿನ ವಿಡಿಯೊ, ಮೀಡಿಯಾ, ಕ್ಲಿಪ್ಸ್ ಎಂಬಂಥ ಫೋಲ್ಡರುಗಳನ್ನು ಹುಡುಕಿ. ಎವಿಐ, ಎಂಪಿಜಿ, ಎಂಒವಿ ಫೈಲುಗಳು ಸಿಕ್ಕರೆ ಅವನ್ನೇ ನೇರವಾಗಿ ವಿಎಲ್‌ಸಿಯಲ್ಲಿ ತೆರೆಯಿರಿ. ನಿಮಗೆ ಬೇಕಾದದ್ದು ಆ ತುಣುಕುಗಳು, ಬಣ್ಣದ ಮೆನು ಅಲ್ಲ.

ಪ್ರೋಗ್ರಾಮ್ ಓಡುತ್ತದೆ, ಆದರೆ ಪ್ರತಿ ಸಲ ಡಿಸ್ಕು ಹಾಕಿ ಎನ್ನುತ್ತದೆ ಎಂದಾದರೆ ಐಎಸ್‌ಒ ಪ್ರತಿ, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿಸಿದ ನಕಲು, ಮಾಡಿಕೊಳ್ಳಿ. ವಿಂಡೋಸ್ 10ರಲ್ಲಿ ಅದರ ಮೇಲೆ ಎರಡು ಸಲ ಒತ್ತಿದರೆ ಡ್ರೈವಿನಲ್ಲಿ ನಿಜವಾದ ಡಿಸ್ಕು ಇದ್ದಂತೆಯೇ ಕಾಣಿಸುತ್ತದೆ. ಬರೀ ಫೋಲ್ಡರ್ ನಕಲು ಮಾಡಿದರೆ ಈ ಕೆಲಸ ಆಗದು, ಏಕೆಂದರೆ ಹಳೆಯ ಪ್ರೋಗ್ರಾಮುಗಳು ಡಿಸ್ಕಿನ ಹೆಸರನ್ನೇ ಹುಡುಕುತ್ತವೆ. ಬ್ರೌಸರಿನಲ್ಲಿ ಪುಟ ತೆರೆದು ಚಿತ್ರದ ಜಾಗ ಖಾಲಿ ಇದ್ದರೆ ಅದು ಬ್ರೌಸರಿನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮಾಡಿದ್ದು. ಫ್ಲ್ಯಾಶ್ 2020ರ ಕೊನೆಗೆ ನಿಂತುಹೋಗಿದೆ, ರಫಲ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ತೆರೆದು ನೋಡಿ. ಹಕ್ಕುಸ್ವಾಮ್ಯದ ಚಿಂತೆ ಇದ್ದರೆ, 1957ರ ಕಾಯ್ದೆಯ 52ನೇ ಸೆಕ್ಷನ್ ಪಾಠದ ಭಾಗವಾಗಿ ಶಿಕ್ಷಕರು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದು ಪಾಠವಲ್ಲ, ಅದು ಬೇಡ.

ಹಳೆಯ ವಿಡಿಯೊಗಳ ಅಗಲ, ಎತ್ತರದ ಅಳತೆ 4:3. ಅಗಲದ ಪರದೆಗೆ ಎಳೆದರೆ ಜಿಂಕೆಯೂ ಎಮ್ಮೆಯಂತೆ ಕಾಣುತ್ತದೆ. ವಿಎಲ್‌ಸಿಯಲ್ಲಿ ‘ಎ’ ಕೀ ಒತ್ತುತ್ತ ಹೋದರೆ ಅಳತೆ ಸರಿಯಾಗುತ್ತದೆ. ಎಚ್‌ಡಿಎಂಐ ತಂತಿ ಹಾಕಿದ ಕೂಡಲೇ ದನಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿಬಿಡುತ್ತದೆ. ಕಂಪ್ಯೂಟರ್ ಪರದೆಯ ಕೆಳಗಿನ ಸ್ಪೀಕರ್ ಗುರುತನ್ನು ಒತ್ತಿ ಹೊರಗಿನ ಸ್ಪೀಕರನ್ನು ಆರಿಸಿ, ಆ ಸ್ಪೀಕರುಗಳನ್ನು ಪರದೆಯ ಎರಡು ಪಕ್ಕದಲ್ಲಿಡಿ. ಕಿಟಕಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ, ಆದರೆ ಹಿಂದಿನ ಒಂದು ಕಿಟಕಿ ಬಿಡಿ, ಮಕ್ಕಳು ಬರೆಯಬೇಕಲ್ಲ.

ಇನ್ನು ಪಾಠ. ದನಿಯಿಲ್ಲದೆ ಯಾಕೆ? ಅರ್ಥವಾಗದ ಭಾಷೆ ಕಿವಿಗೆ ಬೀಳುತ್ತಿದ್ದರೆ ಮಗು ಅದನ್ನು ಹಿಡಿಯಲು ಹೆಣಗುತ್ತದೆ. ಆಗದೇ ಹೋದಾಗ ಪರದೆಯಿಂದ ಕಣ್ಣನ್ನೂ ತೆಗೆದುಬಿಡುತ್ತದೆ. ಗಲಾಟೆ ಹುಟ್ಟುವುದು ಅಲ್ಲಿಂದ. ಮಾತು ತೆಗೆದರೆ ನೋಡುವುದೊಂದೇ ಕೆಲಸ ಉಳಿಯುತ್ತದೆ. ಆದರೆ ಏನನ್ನು ನೋಡಬೇಕೆಂದು ಮೊದಲೇ ಹೇಳಿರಬೇಕು. 35 ಮಕ್ಕಳನ್ನು ಐದೈದರಂತೆ ಏಳು ಗುಂಪು ಮಾಡಿ. ಒಂದು ಗುಂಪಿಗೆ ಕಿವಿ, ಒಂದಕ್ಕೆ ಬಾಲ, ಒಂದಕ್ಕೆ ಕಾಲು, ಒಂದಕ್ಕೆ ಮೂತಿ ಮತ್ತು ಕಣ್ಣು, ಒಂದಕ್ಕೆ ಹಿಂಡಿನ ಉಳಿದ ಪ್ರಾಣಿಗಳು, ಒಂದಕ್ಕೆ ನೆಲ ಮತ್ತು ಗಿಡಮರ, ಕೊನೆಯದಕ್ಕೆ ನೆರಳು ನೋಡಿ ಹೊತ್ತು ಎಷ್ಟೆಂದು ಹೇಳುವ ಕೆಲಸ.

ಉದಾಹರಣೆಗೆ ಚುಕ್ಕೆ ಜಿಂಕೆಯ ತುಣುಕು. ಮೇಯುತ್ತಿದ್ದ ಜಿಂಕೆ ತಲೆ ಎತ್ತುತ್ತದೆ, ಎರಡೂ ಕಿವಿ ಒಂದೇ ಕಡೆ ತಿರುಗುತ್ತವೆ, ಮುಂಗಾಲಿನಿಂದ ನೆಲಕ್ಕೆ ಹೊಡೆಯುತ್ತದೆ, ಬಾಲ ನಿಮಿರುತ್ತದೆ. ಇಷ್ಟನ್ನು ಬೇರೆ ಬೇರೆ ಗುಂಪುಗಳು ತಾವಾಗಿಯೇ ಹೇಳಿದ ಮೇಲೆ ‘ಅದು ಏನನ್ನು ಕಂಡಿರಬಹುದು?’ ಎಂದು ಕೇಳಿ. ಉತ್ತರ ಕೊಡಬೇಡಿ. ಎರಡನೆಯ ಸಲ ದನಿ ಹಾಕಿ. ಈಗ ಜಿಂಕೆಯ ಎಚ್ಚರಿಕೆಯ ಕೂಗು, ಮರದ ಮೇಲಿನ ಮುಸುವದ, ಅಂದರೆ ಕರಿಮುಖದ ಕೋತಿಯ, ಕೂಗು ಕೇಳುತ್ತದೆ. ಮುಸುವ ಮೇಲಿನಿಂದ ದೂರ ನೋಡುತ್ತದೆ, ಜಿಂಕೆ ಕೆಳಗಿನಿಂದ ವಾಸನೆ ಹಿಡಿಯುತ್ತದೆ, ಒಂದರ ಕೂಗು ಇನ್ನೊಂದಕ್ಕೆ ಕಾವಲು. ಮುಸುವ ಕೆಡವಿದ ಸೊಪ್ಪು ಕಾಯಿಗಳೂ ಜಿಂಕೆಗೆ ಸಿಗುತ್ತವೆ. ಈ ಮಾತನ್ನು ನೀವು ಹೇಳುವಷ್ಟರಲ್ಲಿ ಅರ್ಧವನ್ನು ಮಕ್ಕಳೇ ಹೇಳಿಬಿಟ್ಟಿರುತ್ತಾರೆ, ಪಾಠ ಇಳಿದಿದೆಯೆಂದು ನಿಮಗೆ ಗೊತ್ತಾಗುವುದೇ ಆಗ.

ತುಣುಕಿನ ಎಲ್ಲಿ ನಿಲ್ಲಿಸಬೇಕೆಂದು ನಿಮಿಷ, ಸೆಕೆಂಡು ಸಮೇತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಿಎಲ್‌ಸಿಯಲ್ಲಿ ಕಂಟ್ರೋಲ್ ಹಿಡಿದು ‘ಟಿ’ ಒತ್ತಿದರೆ ಬೇಕಾದ ಸಮಯಕ್ಕೆ ಹಾರಬಹುದು. ಸ್ಪೇಸ್ ಕೀ ನಿಲ್ಲಿಸುತ್ತದೆ, ‘ಎಂ’ ದನಿ ಮುಚ್ಚುತ್ತದೆ, ‘ಇ’ ಒಂದೊಂದೇ ಚಿತ್ರವಾಗಿ ಮುಂದೆ ಹೋಗುತ್ತದೆ, ಮೈನಸ್ ಕೀ ನಿಧಾನ ಮಾಡುತ್ತದೆ. ಆನೆ ಯಾವ ಕಾಲಿನ ನಂತರ ಯಾವ ಕಾಲು ಎತ್ತುತ್ತದೆ ಎಂಬುದನ್ನು ‘ಇ’ ಕೀಲಿಯಿಂದ ಒಮ್ಮೆ ತೋರಿಸಿ. ಎರಡು ಸಲ ನೋಡಲು ಎಂಟು ನಿಮಿಷ, ಗುಂಪುಗಳ ಮಾತಿಗೆ ಹದಿನೈದು, ಉಳಿದದ್ದು ಬರೆಯಲು.

ಪರದೆಯಲ್ಲಿ ಇಲಿಯೂ ಆನೆಯೂ ಒಂದೇ ಅಳತೆ. ಇದು ಸಣ್ಣ ವಿಷಯವಲ್ಲ. ಸೀಮೆಸುಣ್ಣದಿಂದ ವರಾಂಡದ ನೆಲದ ಮೇಲೆ ಅಳತೆ ಎಳೆಸಿ: ಗಂಡು ಹುಲಿ ಮೂಗಿನಿಂದ ಬಾಲದ ತುದಿಗೆ ಸುಮಾರು 9 ಅಡಿ, ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ಅಂದರೆ ನಮ್ಮ ಕೆಂದಳಿಲು, ಬಾಲ ಸೇರಿ ಸುಮಾರು 3 ಅಡಿ. ಅಳಿಲು ತಮ್ಮ ಸೊಂಟದ ತನಕ ಬರುತ್ತದೆಂದು ಗೊತ್ತಾದರೆ ಅವರು ಅದನ್ನು ಮರೆಯುವುದಿಲ್ಲ.

ಹೆಸರುಗಳಿಗೆ ಸಮಯ ಕೊಡಿ. ಮುಂಬಯಿಯ ಕನ್ನಡ ತರಗತಿಯಲ್ಲಿ ಒಬ್ಬ ಮಗುವಿನ ಮನೆಮಾತು ತುಳು, ಇನ್ನೊಬ್ಬರದು ಕಲಬುರಗಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೂ ಉಂಟು. ಹುಲಿ ಒಬ್ಬರಿಗೆ ಪಿಲಿ, ಮರಾಠಿಯಲ್ಲಿ ವಾಘ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆಯಿರಿ, ಯಾವುದನ್ನೂ ತಪ್ಪೆನ್ನಬೇಡಿ. ಆದರೆ ಒಂದು ಗೊಂದಲವನ್ನು ಮಾತ್ರ ಬಿಡಿಸಲೇಬೇಕು. ಡಿಸ್ಕಿನಲ್ಲಿ ಲೆಪರ್ಡ್, ಪ್ಯಾಂಥರ್, ಚೀತಾ ಎಂಬ ಮೂರು ಹೆಸರು ಬರುತ್ತವೆ, ನಾವು ಮೂರಕ್ಕೂ ಚಿರತೆ ಎಂದುಬಿಡುತ್ತೇವೆ. ಭಾರತದ ಹಳೆಯ ಬರಹಗಳಲ್ಲಿ ಪ್ಯಾಂಥರ್ ಎಂದರೂ ಲೆಪರ್ಡ್ ಎಂದರೂ ಒಂದೇ, ನಮ್ಮ ಚಿರತೆ, ಮರಾಠಿಯ ಬಿಬಟ್ಯಾ. ಕರಿಚಿರತೆಯೂ ಅದೇ ಜಾತಿ, ಬಣ್ಣ ಮಾತ್ರ ಬೇರೆ. ಚೀತಾ ಬೇರೆಯೇ ಪ್ರಾಣಿ. ಎರಡನ್ನೂ ಚಿತ್ರದಲ್ಲಿ ನಿಲ್ಲಿಸಿ ತೋರಿಸಿ: ಚೀತಾದ ಮೈಮೇಲೆ ತುಂಬಿದ ಗುಂಡು ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂಥ ಕಪ್ಪು ಗೆರೆ, ಉದ್ದ ಕಾಲು. ಚಿರತೆಯ ಚುಕ್ಕೆ ಹೂವಿನಂತೆ ನಡುವೆ ಖಾಲಿ, ಮುಖದಲ್ಲಿ ಆ ಗೆರೆ ಇಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಆರೇ ಕಾಲೊನಿಯ ಸುತ್ತ ಇರುವುದು ಚಿರತೆ. ಕಸದ ರಾಶಿ ನಾಯಿಗಳನ್ನು ಸಾಕುತ್ತದೆ, ನಾಯಿಗಳು ಚಿರತೆಯನ್ನು ಕರೆಯುತ್ತವೆ. ಆ ಕಡೆಯ ಮಕ್ಕಳಿಗೆ ಈ ಸರಪಳಿ ಕಾಡಿನ ಪಾಠವಷ್ಟೇ ಅಲ್ಲ, ಮನೆಯ ಸುತ್ತಿನ ಪಾಠ.

ಹಾಗೆಯೇ ಇಂಡಿಯನ್ ಬೈಸನ್ ಎಂದು ಬಂದರೆ ಅದು ಕಾಟಿ, ಮರಾಠಿಯ ಗವಾ. ಅದು ಬೈಸನ್ನೂ ಅಲ್ಲ, ಎಮ್ಮೆಯೂ ಅಲ್ಲ, ಕಾಡಿನ ದನದ ಜಾತಿ.

ಹಳೆಯ ಡಿಸ್ಕಿನ ಅಂಕಿಗಳನ್ನು ತರಗತಿಗೆ ಮೊದಲೇ ತಾಳೆ ನೋಡಿ. ಭಾರತದಲ್ಲಿ ಚೀತಾ ಇಲ್ಲ ಎಂದು ಅದು ಹೇಳಬಹುದು. 1952ರಲ್ಲಿ ಅಳಿದುಹೋಯಿತೆಂದು ಸರ್ಕಾರ ಘೋಷಿಸಿದ್ದು ನಿಜ. ಆದರೆ 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ತಂದು ಬಿಟ್ಟಿದ್ದಾರೆ. ಹುಲಿಯ ಲೆಕ್ಕ ಇನ್ನೂ ಸೂಕ್ಷ್ಮ. 2001–02ರ ಲೆಕ್ಕ 3642, 2006ರದು 1411, 2022ರದು 3682. ಬರೀ ಮೊದಲ ಮತ್ತು ಕೊನೆಯ ಅಂಕಿ ಇಟ್ಟರೆ ಇಪ್ಪತ್ತು ವರ್ಷದಲ್ಲಿ ಏನೂ ಬದಲಾಗಿಲ್ಲ ಎಂದು ಮಗು ಬರೆಯುತ್ತದೆ. ಮೊದಲಿನದು ಹೆಜ್ಜೆಗುರುತು ನೋಡಿ ಎಣಿಸಿದ್ದು, ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬರುವ ವಿಧಾನ. 2006ರಿಂದ ಕ್ಯಾಮೆರಾ ಬಲೆಯಲ್ಲಿ, ಅಂದರೆ ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಹುಲಿಯಿಂದ ಹುಲಿಗೆ ಬೇರೆಯಾಗಿರುವ ಪಟ್ಟೆ ಗುರುತಿಸಿ ಅಂದಾಜು ಮಾಡುತ್ತಾರೆ. ಇಬ್ಬರು ಮಕ್ಕಳ ಕೈಬೆರಳಚ್ಚನ್ನು ಇಂಕಿನಲ್ಲಿ ಒತ್ತಿಸಿ ತೋರಿಸಿದರೆ ಪಟ್ಟೆಯ ಮಾತು ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ.

ರಣಹದ್ದುಗಳ ದೊಡ್ಡ ಹಿಂಡು ಕಂಡರೆ ಅಲ್ಲೂ ನಿಲ್ಲಿಸಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸಿ ಅವನ್ನು ಅಳಿವಿನ ಅಂಚಿಗೆ ತಂದಿತು. ದನಗಳ ಮದ್ದಾಗಿ ಅದನ್ನು 2006ರಲ್ಲಿ ನಿಷೇಧಿಸಿದರು. ಮಲಬಾರ್ ಹಿಲ್ಲಿನ ಪಾರ್ಸಿಗಳ ದಖ್ಮಾದಲ್ಲೂ, ಅಂದರೆ ಶವವನ್ನು ಹದ್ದುಗಳಿಗೆ ಬಿಡುವ ಗೋಪುರದಲ್ಲೂ, ಹದ್ದುಗಳು ಇಲ್ಲವಾದದ್ದನ್ನು ಹೇಳಬಹುದು.

ಬೇಟೆಯ ದೃಶ್ಯವಿದ್ದರೆ ಮುಂಚೆಯೇ ಹೇಳಿ, ನೋಡಲಾಗದವರು ತಲೆ ತಗ್ಗಿಸಲಿ. ಅದನ್ನು ಪಿರಿಯಡ್ಡಿನ ಕೊನೆಗೆ ಇಡಬೇಡಿ, ಮಕ್ಕಳು ರಕ್ತವನ್ನಷ್ಟೇ ಮನೆಗೆ ಒಯ್ಯುತ್ತಾರೆ. ಇಂಥ ಚಿತ್ರಗಳಲ್ಲಿ ದೂರದ ಪ್ರಾಣಿಯ ಹೆಜ್ಜೆ ಸದ್ದು ಹತ್ತಿರದಲ್ಲೇ ಕೇಳಿಸುತ್ತದಲ್ಲ, ಅದು ಬಹುಪಾಲು ಆಮೇಲೆ ಸೇರಿಸಿದ ಸದ್ದು. ಇದನ್ನೂ ಮಕ್ಕಳಿಗೆ ಬಿಚ್ಚಿ ಹೇಳಿ.

ರಾಜಹಂಸ, ಅಂದರೆ ಫ್ಲೆಮಿಂಗೊ, ತುಣುಕು ಇದ್ದರೆ ನವೆಂಬರ್ ನಂತರಕ್ಕೆ ಎತ್ತಿಡಿ. ಡಿಸ್ಕುಗಳಲ್ಲಿ ಹೆಚ್ಚಾಗಿ ತೋರಿಸುವುದು ಕೆನ್ಯಾದ ಸರೋವರಗಳ ಕಿರಿಯ ರಾಜಹಂಸ. ಅದೇ ಜಾತಿ ಮುಂಬಯಿಯ ಶಿವಡಿಯ ಕೆಸರಿನಲ್ಲಿ, ಠಾಣೆ ಖಾಡಿಯಲ್ಲಿ ಮೇ ತನಕ ಇರುತ್ತದೆ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಪಾಚಿ ಸೋಸುವುದನ್ನು ‘ಇ’ ಕೀಲಿಯಿಂದ ತೋರಿಸಿ, ಆ ವಾರವೇ ಅದೇ ಏಳು ಗುಂಪುಗಳನ್ನು ಅವರು ತರಗತಿಯಲ್ಲಿ ಬರೆದ ಹಾಳೆಗಳ ಜೊತೆ ಶಿವಡಿಗೆ ಕರೆದುಕೊಂಡು ಹೋಗಿ. ಹೊರಡುವ ಮೊದಲು ಉಬ್ಬರದ ವೇಳೆ ನೋಡಿಕೊಳ್ಳಿ. ನೀರು ಪೂರ್ತಿ ಇಳಿದಿದ್ದರೆ ಹಕ್ಕಿಗಳು ದೂರದಲ್ಲಿ ಗುಲಾಬಿ ಗೆರೆಯಾಗಿ ಮಾತ್ರ ಕಾಣುತ್ತವೆ, ಪೂರ್ತಿ ಏರಿದರೆ ಕೆಸರು ಮುಳುಗಿ ಹಾರಿಹೋಗುತ್ತವೆ. ನೀರು ಏರುತ್ತಿರುವಾಗ ಅವು ದಡದ ಕಡೆ ಸರಿಯುತ್ತವೆ, ಆದ್ದರಿಂದ ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮೊದಲೇ ಮಕ್ಕಳು ಜೆಟ್ಟಿಯ ಮೇಲಿರಬೇಕು.