ಶನಿವಾರ ರಾತ್ರಿ ಹೋಗು ತಂಗಿ, ಮರಳುವ ದಾರಿ ಮೊದಲೇ ನೋಡಿಕೋ

ತಂಗಿ, ನೀನು ಬರೆದದ್ದು ಓದಿದೆ. ನಮ್ಮ ಕಾಸರಗೋಡು ಕಡೆಯ ಪೆರ್ಲದ ಹುಡುಗಿ ಅಂತ ಗೊತ್ತಾದ ಮೇಲೆ ‘ನೀವು’ ಅನ್ನಲು ಮನಸ್ಸು ಬರುವುದಿಲ್ಲ, ನೀನು ಅಂತಲೇ ಬರೆಯುತ್ತೇನೆ. ನೀನು ಲಂಡನ್ನಿಗೆ ಹೋಗಿ ಎರಡು ತಿಂಗಳಾಗಿದೆ. ಆಫೀಸಿನವರು ಈ ಶನಿವಾರ ಊಟಕ್ಕೆ ಕರೆದಿದ್ದಾರೆ. ಇಂಡಿಯನ್ ರುಚಿಯನ್ನು ಹೊಸ ರೀತಿಯಲ್ಲಿ ಮಾಡಿಕೊಡುವ ರೆಸ್ಟೋರೆಂಟ್, ಹತ್ತು ಗಂಟೆಯ ಮೇಲೆ ಅಲ್ಲೇ ಡಿಜೆ, ಡಾನ್ಸು. ನೀನು ಕುಡಿಯುವುದಿಲ್ಲ, ಮೀನು ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ‘ಅಕ್ಕಾ, ಹೋಗಲಾ ಬೇಡವಾ? ಹೋದರೆ ಮನೆಯಲ್ಲಿ ಹೇಳಲಾ?’ ಅಂತ ಕೇಳಿದ್ದೀಯ.

ನಾನೀಗ ರಜೆಗೆ ಬಂದು ನೀರ್ಚಾಲಿನ ಮನೆಯಲ್ಲಿದ್ದೇನೆ. ಜಗಲಿಯಲ್ಲಿ ಕೂತು ನಿನ್ನ ಪ್ರಶ್ನೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಕಾಲಿನಿಂದ ಮಗುಚುತ್ತಿದ್ದರು. ನಿಲ್ಲಿಸದೆ ಹೇಳಿದರು: ‘ನಾವು ಕುಂಬಳೆ ಜಾತ್ರೆಯ ಬೆಡಿಗೆ, ಸಿಡಿಮದ್ದು ನೋಡಲು, ಹೋದರೆ ಎಷ್ಟು ಹೊತ್ತಿಗೆ ಮನೆಗೆ ಬರ್ತಿದ್ದೆವು? ಯಕ್ಷಗಾನ ಆಟಕ್ಕೆ ಹೋದರೆ ಬೆಳಕು ಹರಿದ ಮೇಲೆ ಬಂದದ್ದಲ್ವಾ? ಜೊತೆಗೆ ಯಾರಿದ್ದಾರೆ ಅಂತ ಮಾತ್ರ ಕೇಳು.’

ನಾನು ಹೇಳುವುದೂ ಅಷ್ಟೇ. ಹೋಗು.

ಲಂಡನ್ನಿಗೆ ಹೋದ ಮೊದಲ ಎಂಟು ತಿಂಗಳು ನಾನು ಯಾರು ಕರೆದರೂ ಹೋಗಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆ ಒಂದು ‘ಮಾರ್ನಿಂಗ್’, ಸಂಜೆ ಒಂದು ‘ಬೈ’. ರೂಮಿಗೆ ಬಂದರೆ ಅನ್ನ, ಸಾರು, ಮನೆಗೆ ಫೋನು. ಜೊತೆಯವರು ಮೂರು ಸಲ ಕರೆದರು, ನಾಲ್ಕನೇ ಸಲ ಕರೆಯಲಿಲ್ಲ. ಅವರ ತಪ್ಪಲ್ಲ ಅದು. ಅಲ್ಲಿ ಬೇಡ ಅಂದರೆ ಬೇಡ ಅಂತಲೇ ಅರ್ಥ. ನಮ್ಮ ಕಡೆಯ ಹಾಗೆ ‘ಬಾ ಬಾ, ಸ್ವಲ್ಪ ಕೂತು ಹೋಗು’ ಅಂತ ಕೈ ಹಿಡಿದು ಎಳೆಯುವವರಿಲ್ಲ. ನಾನು ಸಂಕೋಚಕ್ಕೆ ಬೇಡ ಅಂದೆ, ಅವರು ನನಗೆ ಇಷ್ಟವಿಲ್ಲ ಅಂದುಕೊಂಡರು. ಆ ಚಳಿಗಾಲದಲ್ಲಿ ಎಷ್ಟು ಅತ್ತಿದ್ದೇನೆ ಅಂತ ನನಗೇ ಗೊತ್ತು.

ಕಡೆಗೆ ನಮ್ಮ ವಿಭಾಗದ ನೈಜೀರಿಯಾದ ಒಬ್ಬಾಕೆ ಬೇರೆ ಊರಿಗೆ ವರ್ಗವಾಗಿ ಹೊರಟಾಗ ಹೋದೆ. ನೀನು ಹೇಳಿದಂಥದ್ದೇ ಜಾಗ. ಪಾನಿಪುರಿ ತರಿಸಿದರು. ಕಪ್ಪು ಕಲ್ಲಿನ ಹಲಗೆ, ಅದರ ಮೇಲೆ ಆರು ಪುರಿ, ಪಕ್ಕದಲ್ಲಿ ಲ್ಯಾಬಿನ ಟ್ಯೂಬಿನಂಥ ಆರು ಗಾಜಿನ ನಳಿಗೆಯಲ್ಲಿ ಹಸಿರು ನೀರು. ಚಾಕು ಫೋರ್ಕು ಹಿಡಿದು ಎಲ್ಲರೂ ನನ್ನ ಮುಖ ನೋಡಿದರು. ಹೆಬ್ಬೆರಳಿನಿಂದ ಪುರಿಯ ನೆತ್ತಿ ಒಡೆದು, ನೀರು ಹೊಯ್ದು, ಒಂದೇ ತುತ್ತಿಗೆ ಬಾಯಿಗಿಟ್ಟು ತೋರಿಸಿದೆ. ನಮ್ಮ ಮೇಲಧಿಕಾರಿ ಅರ್ಧ ಕಚ್ಚಿ ಅಂಗಿಯೆಲ್ಲ ಒದ್ದೆ ಮಾಡಿಕೊಂಡರು. ಇಡೀ ಮೇಜು ನಕ್ಕಿತು, ಅವರೂ ನಕ್ಕರು. ಮರುದಿನ ಕೆಲಸಕ್ಕೆ ಹೋದಾಗ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದರು, ಅದೂ ಸರಿಯಾದ ಉಚ್ಚಾರದಲ್ಲಿ.

ಊಟದ ಬಗ್ಗೆ ಒಂದು ಮಾತು. ಅಲ್ಲಿ ನಮ್ಮ ನೀರುದೋಸೆ, ಕೊದಿಲು (ನಮ್ಮ ಕಡೆಯ ಸಾಂಬಾರು) ಹುಡುಕಬೇಡ. ಸಾಸರಿನಷ್ಟು ದೋಸೆಯ ಮೇಲೆ ಬೆಣ್ಣೆಹಣ್ಣು ಇಟ್ಟು ಕೊಡುತ್ತಾರೆ. ಆ ಊರಿನಲ್ಲಿ ಇಂಡಿಯನ್ ಊಟಕ್ಕೆ ಅದರದೇ ಕಥೆ ಇದೆ. ಪಾಟ್ನಾದಿಂದ ಹೋದ ದೀನ್ ಮೊಹಮ್ಮದ್ ಎಂಬವರು 1810ರಲ್ಲೇ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಊಟದ ಅಂಗಡಿ ತೆರೆದಿದ್ದರು. ಹೆಚ್ಚು ದಿನ ನಡೆಯಲಿಲ್ಲ. ಆಮೇಲೆ ಊರೂರಿಗೆ ಹರಡಿದ ‘ಕರಿ ಹೌಸ್’ಗಳನ್ನು ನಡೆಸಿದವರಲ್ಲಿ ಹೆಚ್ಚಿನವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅಲ್ಲಿಯವರ ನಾಲಿಗೆಗೆ ಹಿಡಿಸುವ ಹಾಗೆ ಅಡುಗೆ ಬದಲಾಯಿತು. ಹಾಗಾಗಿ ‘ಇದು ನಮ್ಮದಲ್ಲ’ ಅಂತ ಮುಖ ಸಣ್ಣ ಮಾಡಬೇಡ. ಅದೇ ಒಂದು ಬೇರೆ ರುಚಿ ಅಂತ ತಿಂದು ನೋಡು.

ಆದರೆ ಕೇಳದೆ ತಿನ್ನಬೇಡ. ನಾನ್ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ. ಪನೀರು ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿದಿರಬಹುದು. ಅಲರ್ಜಿ ತರುವ 14 ಪದಾರ್ಥಗಳ ಬಗ್ಗೆ ಕೇಳಿದರೆ ಹೇಳಲೇಬೇಕು ಅಂತ ಅಲ್ಲಿ ಕಾನೂನಿದೆ. ಮೊಟ್ಟೆ, ಮೀನು ಎರಡೂ ಆ ಪಟ್ಟಿಯಲ್ಲಿವೆ. ಶುಕ್ರವಾರವೇ ಫೋನ್ ಮಾಡಿ ಕೇಳಿಬಿಡು. ಮೇಜಿನಲ್ಲಿ ಎಲ್ಲರ ಎದುರು ವಿಚಾರಿಸುವ ಮುಜುಗರ ತಪ್ಪುತ್ತದೆ.

ಕುಡಿಯುವ ವಿಷಯ ನೀನು ಹೆದರಿದಷ್ಟು ದೊಡ್ಡದಲ್ಲ. ‘ನಾನು ಕುಡಿಯುವುದಿಲ್ಲ’ ಅಂತ ಒಂದು ಸಲ ಹೇಳು, ಕಾರಣ ಕೊಡಬೇಡ. ಬಾರ್ ಇರುವ ಜಾಗದಲ್ಲಿ ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು. ಒಬ್ಬೊಬ್ಬರಾಗಿ ಎಲ್ಲರಿಗೂ ಕುಡಿಸುವ ‘ರೌಂಡ್’ ಪದ್ಧತಿ ಇದೆ. ಅದಕ್ಕೆ ಸೇರಬೇಡ, ನಿನ್ನ ಲೈಮ್ ಸೋಡಾ ನೀನೇ ತೆಗೆದುಕೋ. ಲೋಟ ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋದರೆ, ವಾಪಸ್ ಬಂದು ಅದನ್ನು ಮುಟ್ಟಬೇಡ. ಹೊಸತು ತರಿಸು. ಇದನ್ನು ಮಾತ್ರ ಮರೆಯಬೇಡ.

ಬಿಲ್ಲಿನಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಪಾನಿಪುರಿ, ಒಂದು ಬೇಳೆ, ಒಂದು ನಾನ್, ಅಷ್ಟೇ ನಾನು ತಿಂದದ್ದು. ಬಿಲ್ಲನ್ನು ಸಮನಾಗಿ ಹಂಚಿದರು, ನನ್ನ ಪಾಲಿಗೆ 38 ಪೌಂಡು ಬಂತು. ಆಗ ಅದು ನನ್ನ ಎರಡು ವಾರದ ದಿನಸಿಯ ದುಡ್ಡು. ಬಾಯಿಬಿಟ್ಟು ಹೇಳಲಿಲ್ಲ, ರಾತ್ರಿಯಿಡೀ ಸಂಕಟಪಟ್ಟೆ. ನೀನು ಕೂರುವಾಗಲೇ, ಆರ್ಡರ್ ಕೊಡುವ ಮೊದಲೇ, ‘ನನ್ನದು ಬೇರೆ ಬಿಲ್ ಮಾಡಿ’ ಅಂತ ಹೇಳಿಬಿಡು. ಯಾರೂ ತಪ್ಪು ತಿಳಿಯುವುದಿಲ್ಲ. ಬಿಲ್ಲಿನ ಕೊನೆಗೆ 12.5 ಶೇಕಡಾದಷ್ಟು ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ. ಹೆಚ್ಚಿನ ಕಡೆ ಅದು ಕಡ್ಡಾಯವಲ್ಲ. ಆದರೂ ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಕೊಡು. 2024ರ ಅಕ್ಟೋಬರಿನಿಂದ ಆ ದುಡ್ಡು ಪೂರ್ತಿ ಕೆಲಸದವರಿಗೇ ಸಲ್ಲಬೇಕು ಅಂತ ಕಾನೂನು ಬಂದಿದೆ.

ಬಾಗಿಲಲ್ಲಿ ವಯಸ್ಸು ಕೇಳುತ್ತಾರೆ. 18 ಆದರೆ ಸಾಕು, ಆದರೆ 25ಕ್ಕಿಂತ ಚಿಕ್ಕವಳ ಹಾಗೆ ಕಂಡರೂ ಗುರುತು ತೋರಿಸು ಅನ್ನುತ್ತಾರೆ. ವೀಸಾ ಈಗ ಆನ್‌ಲೈನ್, ಕಾರ್ಡಿಲ್ಲ. ಈ ಸಲ ಪಾಸ್‌ಪೋರ್ಟ್ ಒಳಜೇಬಿನಲ್ಲಿಟ್ಟುಕೊಂಡು ಹೋಗು. ಮುಂದಕ್ಕೆ ಕಲಿಯುವವರ ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕು. ಆನ್‌ಲೈನಿನಲ್ಲಿ 34 ಪೌಂಡು. ಕಾರು ಓಡಿಸದಿದ್ದರೂ ಗುರುತಿನ ಚೀಟಿಯಾಗುತ್ತದೆ.

ಇನ್ನು ಕುಣಿತ. ಹತ್ತು ಗಂಟೆಗೆ ದೀಪ ಮಂಕಾಗುತ್ತದೆ, ಮೇಜುಗಳನ್ನು ಬದಿಗೆ ಸರಿಸುತ್ತಾರೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ಭಾಂಗ್ರಾದ ಡೋಲು ಶುರುವಾಯಿತು. ಚೆಂಡೆಯ ಪೆಟ್ಟು ಕೇಳಿ ಬೆಳೆದವರು ನಾವು, ಡೋಲು ಬಡಿದರೆ ಕಾಲು ಸುಮ್ನೆ ಇರುತ್ತದಾ? ನೈಜೀರಿಯಾದ ಗೆಳತಿ ಕೈ ಚಾಚಿದಳು, ಹೋದೆ. ನನಗೆ ಹೆಜ್ಜೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಒಂದು ಗಂಟೆ ಕುಣಿದೆವು. ಅಷ್ಟು ತಿಂಗಳಲ್ಲಿ ಮೊದಲ ಸಲ ಮೈ ಬೆವರಿ ಹಗುರವಾಯಿತು. ಯಾರಾದರೂ ಮೈಮೇಲೆ ಬಂದು ಉಪದ್ರ ಕೊಟ್ಟರೆ ಬಾರಿನವರ ಹತ್ತಿರ ‘ಏಂಜೆಲಾ ಇದ್ದಾರಾ’ ಅಂತ ಕೇಳು. ಸಹಾಯ ಬೇಕು ಅಂತ ತುಂಬ ಕಡೆ ಅವರಿಗೆ ಅರ್ಥವಾಗುತ್ತದೆ.

ಬರುವ ದಾರಿ ಹೋಗುವ ಮೊದಲೇ ನೋಡಿಡು. ಶುಕ್ರವಾರ, ಶನಿವಾರ ರಾತ್ರಿಯಿಡೀ ಓಡುವ ಟ್ಯೂಬ್ (ನೆಲದಡಿಯ ರೈಲು) ಕೆಲವು ಲೈನಿನಲ್ಲಿ ಮಾತ್ರ ಇದೆ. 2016ರಲ್ಲಿ ಶುರುವಾದದ್ದು. ನಾನು ಹೋದ ಕಾಲಕ್ಕೆ ಅದೂ ಇರಲಿಲ್ಲ. ಕೊನೆಯ ರೈಲು ತಪ್ಪಿ, ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಡುಗಿದೆ. ನಿನ್ನ ಲೈನ್ ಅದರಲ್ಲಿ ಇಲ್ಲದಿದ್ದರೆ ‘ಎನ್’ ಅಕ್ಷರದ ರಾತ್ರಿ ಬಸ್ಸಿನ ಸಮಯ ಬರೆದಿಟ್ಟುಕೋ. ರಸ್ತೆಯಲ್ಲಿ ನಿಂತು ‘ಟ್ಯಾಕ್ಸಿ ಬೇಕಾ’ ಅಂತ ಕೇಳುವವರ ಕಾರು ಹತ್ತಬೇಡ. ಕಪ್ಪು ಟ್ಯಾಕ್ಸಿಗೆ ಕೈ ತೋರಿಸಬಹುದು, ಬೇರೆಯದಾದರೆ ಮೊದಲೇ ಬುಕ್ ಮಾಡಿರಬೇಕು.

ಮನೆಯಲ್ಲಿ ಹೇಳಲಾ ಅಂತ ಕೇಳಿದ್ದೀಯಲ್ಲ, ಹೇಳು. 1980ರ ದಶಕದಲ್ಲಿ ಅಲ್ಲಿ ಬೆಳೆದ ನಮ್ಮ ದೇಶದವರ ಮಕ್ಕಳು ಹಗಲು ಹೊತ್ತಿನ ಭಾಂಗ್ರಾ ಪಾರ್ಟಿಗೆ ಹೋಗುತ್ತಿದ್ದರು. ರಾತ್ರಿ ಕಳಿಸುವುದಿಲ್ಲ ಅಂತ ಶಾಲೆ ತಪ್ಪಿಸಿ, ಬಟ್ಟೆ ಬದಲಾಯಿಸಿಕೊಂಡು ಹೋಗಿ, ಸಂಜೆಗೆ ಮನೆ ಸೇರುವವರೂ ಇದ್ದರು. ಅಂಥ ಕದ್ದುಮುಚ್ಚಿ ಮಾಡುವ ಕಷ್ಟ ನಿನಗೆ ಬೇಡ. ಯಾರ ಜೊತೆ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಮೂರು ಮಾತು ಅಮ್ಮನಿಗೆ ಹೇಳಿಬಿಡು. ಒಪ್ಪದಿದ್ದರೆ ನನ್ನ ಹತ್ತಿರ ಮಾತಾಡಿಸು. ಪೆರ್ಲ ಇಲ್ಲಿಂದ ದೂರವೇನಲ್ಲ, ಬೇಕಾದರೆ ನಾನೇ ಹೋಗಿ ಬರುತ್ತೇನೆ.

ರೂಮು ಸೇರಿದ ಮೇಲೆ ನನಗೂ ಒಂದು ಸಾಲು ಬರೆ. ಅಲ್ಲಿ ರಾತ್ರಿ ಒಂದು ಗಂಟೆಯಾದರೆ ಇಲ್ಲಿ ಚಳಿಗಾಲದಲ್ಲಿ ಬೆಳಗ್ಗೆ ಆರೂವರೆ, ಬೇಸಿಗೆಯಲ್ಲಿ ಐದೂವರೆ. ಅಮ್ಮ ಒಲೆ ಹಚ್ಚಿರುತ್ತಾರೆ, ನಾನೂ ಎದ್ದಿರುತ್ತೇನೆ.