ಹಾವಿನ ಕಾಲಿನ ಜೀನ್ ಅಳಿದಿಲ್ಲ

ಹಾವಿಗೆ ಕಾಲಿಲ್ಲವೆಂದರೆ ಕಾಲು ಮೂಡಿಸುವ ಜೀನ್ ಅಳಿದುಹೋಗಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಸೋನಿಕ್ ಹೆಡ್ಜ್‌ಹಾಗ್ ಎಂಬ ಆ ಜೀನ್ ಮಿದುಳು, ಬೆನ್ನುಹುರಿ ರೂಪುಗೊಳ್ಳಲೂ ಬೇಕು. ಅದಿಲ್ಲದೆ ಭ್ರೂಣ ಬದುಕದು. ಕೆಟ್ಟಿರುವುದು ಅದನ್ನು ಕಾಲಿನ ಮೊಗ್ಗಿನಲ್ಲಿ, ಅಂದರೆ ಭ್ರೂಣದಲ್ಲಿ ಕಾಲಾಗಿ ಬೆಳೆಯುವ ಪುಟ್ಟ ಉಬ್ಬಿನಲ್ಲಿ ಮಾತ್ರ ಚಾಲೂ ಮಾಡುವ ಸ್ವಿಚ್‌ನಂಥ ಡಿಎನ್‌ಎ ತುಣುಕು.

ಹೆಬ್ಬಾವಿನ ಭ್ರೂಣವನ್ನೇ ನೋಡಿ. ಹಿಂಗಾಲಿನ ಮೊಗ್ಗು ಮೂಡುತ್ತದೆ, ಬೇಗನೆ ಬೆಳವಣಿಗೆ ನಿಲ್ಲುತ್ತದೆ, ಕೊನೆಗೆ ಬಾಲದ ಬುಡದಲ್ಲಿ ಉಗುರಿನಂಥ ಎರಡು ಪುಟ್ಟ ಮುಳ್ಳುಗಳಷ್ಟೇ ಉಳಿಯುತ್ತವೆ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಯ ಸ್ವಿಚ್ ತೆಗೆದು ಹಾವಿನದನ್ನು ಇಟ್ಟಾಗ ಮರಿಗಳ ಕಾಲುಗಳು ಮೊಟಕಾದವು. ಹೆಬ್ಬಾವಿನ ಸ್ವಿಚ್‌ನಲ್ಲಿ ಕಾಣೆಯಾಗಿದ್ದ ಬರೀ 17 ಡಿಎನ್‌ಎ ಅಕ್ಷರಗಳನ್ನು ಮರಳಿ ಸೇರಿಸಿದಾಗ ಇಲಿಗೆ ಕಾಲು ಸರಿಯಾಗಿ ಬೆಳೆಯಿತು! ಇಷ್ಟು ಚಿಕ್ಕ ಬದಲಾವಣೆಗೆ ಇಷ್ಟು ದೊಡ್ಡ ಪರಿಣಾಮ ಎಂಬುದು ನನಗೆ ಇಂದಿಗೂ ಬೆರಗು. ಮುಂಗಾಲಿನ ಕಥೆ ಬೇರೆ. ಅದರ ಮೊಗ್ಗು ಮೂಡುವುದೇ ಇಲ್ಲ.