ಪುಡಿಯಾಗುವ ಪುಟಕ್ಕೆ ಲ್ಯಾಮಿನೇಷನ್ ಬೇಡ

ಹಳೆಯ ಪುಸ್ತಕಗಳ ಸಂರಕ್ಷಣೆ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಹಿಂದೆಯೂ ಉತ್ತರಿಸಿದ್ದೇನೆ, ಆದರೂ ಲ್ಯಾಮಿನೇಟ್ ಆದ ಸಂಪುಟಗಳ ಫೋಟೊಗಳು ಬರುವುದು ನಿಂತಿಲ್ಲ. ಈ ಸಲ ಅದಕ್ಕೇ ಹೆಚ್ಚು ಜಾಗ. ಧೂಳು ತೆಗೆಯುವುದು, ಕೈ ತೊಳೆದು ಮುಟ್ಟುವುದು ಗ್ರಂಥಾಲಯದವರಿಗೆ ಗೊತ್ತೇ ಇರಬೇಕು, ಅದನ್ನು ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ಸಂಶೋಧನಾ ಗ್ರಂಥಾಲಯದಲ್ಲಿ 1920–40ರ ಕನ್ನಡ ಮಾಸಪತ್ರಿಕೆಗಳ ಸಂಪುಟಗಳಿವೆ. ಪುಟ ತಿರುವಿದರೆ ಅಂಚು ಪುಡಿಯಾಗುತ್ತದೆ. ಬಿಡಿಸಿ, ಲ್ಯಾಮಿನೇಷನ್ ಮಾಡಿಸಿ, ಮತ್ತೆ ಬೈಂಡ್ ಹಾಕಿಸೋಣ ಎಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ಇದಕ್ಕಿಂತ ನೂರು ವರ್ಷ ಹಳೆಯ ಕೈಕಾಗದದ ಹಸ್ತಪ್ರತಿ ಗಟ್ಟಿಯಾಗಿಯೇ ಇದೆಯಲ್ಲ, ಇದೇಕೆ ಹೀಗೆ? – ಗ್ರಂಥಪಾಲಕರು, ಶಿವಮೊಗ್ಗ ಜಿಲ್ಲೆ

ಉತ್ತರ: ದಯವಿಟ್ಟು ಮಾಡಿಸಬೇಡಿ. ನಾಳೆ ಅಂಗಡಿಯವನು ಬರುವುದಿದ್ದರೆ ಇವತ್ತೇ ಫೋನ್ ಮಾಡಿ ಬೇಡವೆನ್ನಿ.

ನಿಮ್ಮ ಹಸ್ತಪ್ರತಿಯ ಕಾಗದ ಬಟ್ಟೆಚಿಂದಿಯದೋ ಗಿಡದ ತೊಗಟೆಯದೋ ಉದ್ದ ನಾರಿನಿಂದ ಆದದ್ದು. 19ನೇ ಶತಮಾನದ ಎರಡನೇ ಅರ್ಧದಿಂದ ಗಿರಣಿಗಳು ಅಗ್ಗದ ಮರದ ತಿರುಳಿಗೆ ಇಳಿದವು. ಶಾಯಿ ಹರಡದಿರಲೆಂದು ಅದಕ್ಕೆ ರಾಳವನ್ನೂ ಅಲ್ಯೂಮಿನಿಯಂ ಸಲ್ಫೇಟನ್ನೂ ಬೆರೆಸುತ್ತಿದ್ದರು. ಗಾಳಿಯ ತೇವ ತಗುಲಿ ಅದು ಆಮ್ಲ ಬಿಡುತ್ತದೆ, ಆಮ್ಲ ನಾರಿನ ಮೂಲವಸ್ತುವಾದ ಸೆಲ್ಯುಲೋಸಿನ ಸರಪಳಿಯನ್ನು ಕತ್ತರಿಸುತ್ತಾ ಹೋಗುತ್ತದೆ. ಅಂದರೆ ರೋಗ ಹಾಳೆಯ ಒಳಗೇ ಇದೆ. ಅದನ್ನು ಒಳಗಿಟ್ಟು ಎರಡೂ ಕಡೆ ಪ್ಲಾಸ್ಟಿಕ್ ಮೆತ್ತಿದರೆ ಆಮ್ಲ ಹೊರಗೆ ಹೋಗಲು ದಾರಿಯೇ ಇಲ್ಲ. ಮೇಲಾಗಿ ಲ್ಯಾಮಿನೇಷನ್ ಯಂತ್ರದ ಬಿಸಿ 100 ಡಿಗ್ರಿ ದಾಟುತ್ತದೆ, ಕರಗಿದ ಅಂಟು ನಾರಿನೊಳಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಬಿಡಿಸಲು ಯಾರಿಂದಲೂ ಆಗದು.

‘ಸರ್ಕಾರಿ ದಾಖಲೆಗಳಿಗೇ ಲ್ಯಾಮಿನೇಷನ್ ಮಾಡುತ್ತಿದ್ದರಲ್ಲ’ ಎಂದು ಕೇಳುವವರಿದ್ದಾರೆ. ನಿಜ. ಅಮೆರಿಕದ ವರ್ಜೀನಿಯಾದಲ್ಲಿ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೊ 1930ರ ದಶಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನು ಬಿಸಿಯಲ್ಲಿ ಒತ್ತುವ ವಿಧಾನ ತಂದರು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಯಂತ್ರವಿಲ್ಲದೆ, ಆ ಹಾಳೆಯನ್ನು ಕರಗಿಸುವ ಅಸಿಟೋನ್ ದ್ರವ ಸವರಿ ಕೈಯಿಂದಲೇ ಅಂಟಿಸುವ ವಿಧಾನ ರೂಪುಗೊಂಡಿತು. ಮೊದಲು ಆಮ್ಲ ತೆಗೆಯಬೇಕೆಂದು ಬ್ಯಾರೊಗೂ ಗೊತ್ತಿತ್ತು. ನಿಮ್ಮ ಊರಿನ ಅಂಗಡಿಯವನಿಗೆ ಗೊತ್ತಿಲ್ಲ. ಆ ಅಸಿಟೇಟ್ ಕೂಡ ವಯಸ್ಸಾದಂತೆ ಅಸಿಟಿಕ್ ಆಮ್ಲ ಬಿಡುತ್ತದೆ. ಅಂಥ ಹಳೆಯ ಕಡತ ತೆರೆದಾಗ ವಿನೆಗರ್ ವಾಸನೆ ಬಂದರೆ ಕಾರಣ ಇದೇ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಸಂಪುಟಗಳನ್ನು ಸ್ಥಿತಿ ನೋಡಿ ವಿಂಗಡಿಸಿ. ಅಚ್ಚಿಲ್ಲದ ಒಂದು ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಮಡಿಸಿ ನೋಡಿ. ಎರಡು ಮೂರು ಮಡಿಕೆಗೇ ಮುರಿದರೆ ಅದು ಓದುಗರ ಕೈಗೆ ಕೊಡುವ ಪ್ರತಿಯಲ್ಲ. ಅದಕ್ಕೆ ಮರುಬೈಂಡಿಂಗ್ ಕೂಡದು, ಹೊಲಿಗೆಯ ದಾರವೇ ಹಾಳೆಯನ್ನು ಕೊಯ್ಯುತ್ತದೆ. ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಒಂದೇ ಒಂದು ಸಲ, ಸರಿಯಾಗಿ ಸ್ಕ್ಯಾನ್ ಮಾಡಿಸಿ. ಪುಸ್ತಕ ಪೂರ್ತಿ ತೆರೆಯದೆ ‘ವಿ’ ಆಕಾರದ ತೊಟ್ಟಿಲಲ್ಲಿ ಕೂತಿರಬೇಕು, ಕ್ಯಾಮೆರಾ ಮೇಲಿರಬೇಕು. ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಬೆನ್ನು ಅದುಮುವವರಿಗೆ ಕೊಡಬೇಡಿ.

ಹಣವಿದ್ದರೆ ಅದನ್ನು ಪುಡಿಯಾದ ಪ್ರತಿಗೆ ಸುರಿಯುವ ಬದಲು ಇನ್ನೂ ಬಾಗುವ, ಮಡಚಲು ಬರುವ ಸಂಪುಟಗಳಿಗೆ ಖರ್ಚು ಮಾಡಿ. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣದಿಂದ ಆಮ್ಲ ತೆಗೆಸಿದರೆ ಅವುಗಳ ಆಯಸ್ಸು ನಿಜಕ್ಕೂ ಹೆಚ್ಚುತ್ತದೆ. ಆದರೆ ಹೋದ ಬಲ ಅದರಿಂದ ವಾಪಸು ಬರುವುದಿಲ್ಲ. ಆ ಲವಣವನ್ನು ನೀರಿನಲ್ಲಿ ಬೆರೆಸಿ ಮಾಡುವ ಚಿಕಿತ್ಸೆಯಲ್ಲಿ ರಬ್ಬರ್ ಸ್ಟಾಂಪು, ಸಹಿ, ಅಂಚಿನ ಟಿಪ್ಪಣಿ ಕದಡಿಹೋಗಬಹುದು. ತರಬೇತಿ ಇಲ್ಲದವರು ಇದಕ್ಕೆ ಕೈಹಾಕುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂಬುದು ನನ್ನ ನಿಲುವು. ಇದಕ್ಕೆ ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ, ಅನ್ನಲಿ.

ಹರಿದಲ್ಲಿ ಹಾಕುವ ಪಟ್ಟಿ ತೆಳು ಜಪಾನಿ ಕಾಗದದ್ದಾಗಿರಲಿ. ಕತ್ತರಿ ಹಾಕಬೇಡಿ. ಒದ್ದೆ ಕುಂಚದಿಂದ ಗೆರೆ ಎಳೆದು, ಆ ಗೆರೆಯಗುಂಟ ಎಳೆದು ಹರಿಯಿರಿ. ಅಂಚಿನಲ್ಲಿ ನಾರಿನ ಎಳೆಗಳು ಹೊರಚಾಚಿರುತ್ತವೆ, ಹಿಡಿದುಕೊಳ್ಳುವುದು ಅವೇ. ಅಂಟು ಗೋಧಿ ಪಿಷ್ಟದ್ದು, ಅಂದರೆ ಗೋಧಿಯ ಪ್ರೋಟೀನಾದ ಗ್ಲೂಟೆನ್ ತೆಗೆದದ್ದು. ಬೈಂಡಿಂಗ್ ಅಂಗಡಿಯ ಮೈದಾ ಅಂಟು ಬೇಡವೇ ಬೇಡ: ಹುಳ ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ, ಅದರ ತಾಮ್ರ ಕಾಗದದ ನಾಶವನ್ನು ಚುರುಕುಗೊಳಿಸುತ್ತದೆ.

ನಿಮ್ಮದು ಮಳೆಯ ಜಿಲ್ಲೆ. ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಹಗಲಲ್ಲಿ ಎ.ಸಿ. ಹಾಕಿ ಸಂಜೆ ಆರಿಸುವ ಪದ್ಧತಿಯಿದ್ದರೆ ಅದನ್ನು ನಿಲ್ಲಿಸಿ, ಆ ಏರಿಳಿತಕ್ಕಿಂತ ಫ್ಯಾನು, ಗಾಳಿಯಾಡುವ ಕೋಣೆ ವಾಸಿ.

ಪ್ರಶ್ನೆ: ಕಪಾಟಿನಲ್ಲಿ ನುಸಿಗುಳಿಗೆ ಇಟ್ಟರೆ ಹುಳ ಸಾಯುತ್ತವೆಯೇ? – ಧಾರವಾಡ

ಉತ್ತರ: ಪುಟದೊಳಗೆ ಕೊರೆಯುತ್ತಿರುವ ಮರಿಹುಳು ಸಾಯುವುದಿಲ್ಲ, ಅದರ ಹೊಗೆ ಕುಡಿಯುವವರು ನಿಮ್ಮ ಸಿಬ್ಬಂದಿ. ಹುಳ ಬಿದ್ದ ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಸೀಲ್ ಮಾಡಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ.

ಪ್ರಶ್ನೆ: ತಾಳೆಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೂ ಹಚ್ಚಬಹುದೇ?

ಉತ್ತರ: ಕೂಡದು.

ಪ್ರಶ್ನೆ: ಹಳದಿ ಪುಟವನ್ನು ಹೊಸದರಂತೆ ಬಿಳಿ ಮಾಡುವ ದ್ರವವನ್ನು ಒಬ್ಬರು ಮಾರಲು ಬಂದಿದ್ದಾರೆ. – ಮೈಸೂರು

ಉತ್ತರ: ಅವರನ್ನು ಒಳಗೆ ಬಿಡಬೇಡಿ. ಹಾಗೆ ಬಿಳಿ ಮಾಡುವುದು ಬ್ಲೀಚ್. ಬಣ್ಣದ ಜೊತೆ ಉಳಿದಷ್ಟು ನಾರನ್ನೂ ಅದು ತಿನ್ನುತ್ತದೆ. ಸಂಶೋಧಕನಿಗೆ ಬೇಕಾದ್ದು ಅಕ್ಷರ, ಬಿಳುಪಲ್ಲ.

ಪ್ರಶ್ನೆ: ಸ್ಕ್ಯಾನ್ ಆದಮೇಲೆ ಮೂಲ ಪ್ರತಿಗಳನ್ನು ತೂಕಕ್ಕೆ ಹಾಕಬಹುದೇ?

ಉತ್ತರ: ಹಾಕಬೇಡಿ. ಸ್ಕ್ಯಾನಿನಲ್ಲಿ ಬಿಟ್ಟುಹೋದ ಪುಟ, ಮಸುಕಾದ ಸಾಲು ಗೊತ್ತಾಗುವುದು ವರ್ಷಗಳ ಮೇಲೆ, ಯಾರೋ ಅದನ್ನೇ ಹುಡುಕಿಕೊಂಡು ಬಂದಾಗ. ಜಾಗವಿಲ್ಲದಿದ್ದರೆ ಪ್ರತಿಗಳನ್ನು ಬೇರೆ ಸಂಶೋಧನಾ ಗ್ರಂಥಾಲಯಕ್ಕೆ ಪಟ್ಟಿ ಸಮೇತ ಒಪ್ಪಿಸಿ, ರಸೀದಿ ಪಡೆಯಿರಿ.